ಟೈಫಾಯಿಡ್ ಅಂದಿದ್ದರೆ ಸಾಕಿತ್ತು

ಮೊದಲು ಒಂದೇ ಒಂದು ಚಪ್ಪಾಳೆ. ಅದರ ಹಿಂದೆಯೇ ಕಪಾಟಿನ ಬಾಗಿಲು ಕಿರ್ರೆಂದು ಎಳೆದುಕೊಳ್ಳುವ ಸದ್ದು. ಆಮೇಲೆ ರಜಾಯಿಯ ಒಳಗಿಂದ ಬಂದಂತೆ ಮೆತ್ತಗಾದ ಒಂದು ಹೆಣ್ಣುದನಿ. ಭಾನುವಾರ ಮಧ್ಯಾಹ್ನ, ಬೀದರಿನ ನಮ್ಮ ಓಣಿಯ ಕುಕ್ಕರುಗಳೆಲ್ಲ ಸೀಟಿ ಹೊಡೆದು ಸುಮ್ಮನಾದ ಮೇಲೆ, ನನ್ನ ತಲೆಯ ಮೇಲಿನ ಕೋಣೆಯಿಂದ ಈ ಮೂರು ಸದ್ದು ಇದೇ ಆರ್ಡರಿನಲ್ಲಿ ಕೇಳುತ್ತಿದ್ದವು.

ಮೇಲಿನ ಕೋಣೆಗೆ ಬಾಡಿಗೆಗೆ ಬಂದ ಹುಡುಗಿಗೆ ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸು. ತನ್ನಷ್ಟಕ್ಕೆ ತಾನೇ ಮಾತಾಡುತ್ತಾಳಲ್ಲ ಎಂದು ಹೆದರಿ, ಮೊದಲ ತಿಂಗಳಲ್ಲೇ ಒಮ್ಮೆ ಮೆಟ್ಟಿಲು ಹತ್ತಿ ಹೋದೆ. ಅವಳು ಗೋಡೆಯ ದೊಡ್ಡ ಕಪಾಟಿನೊಳಗೆ ಮೊಣಕಾಲು ಮಡಚಿ ಕೂತಿದ್ದಳು. ಸುತ್ತ ಕುರ್ತಾಗಳು, ಎರಡು ಕೌದಿ, ಕೈಯಲ್ಲಿ ಫೋನು, ಕೊರಳಲ್ಲಿ ಅಳತೆ ಟೇಪು.

"ವಾಟ್ ಈಸ್ ದಿಸ್, ಮೈ ಡಿಯರ್?" ಎಂದೆ.

"ಪಾಡ್‌ಕಾಸ್ಟ್ ರೀ ಮಿಸ್. ರೇಡಿಯೋ ಇದ್ದಂಗ, ಆದ್ರ ನಂದೇ. ನಿಮ್ಮ ಗ್ವಾಡಿ ಭಾಳ ಮಾತಾಡ್ತಾವ ನೋಡ್ರಿ, ನಾ ಒಂದು ಚಪ್ಪಾಳಿ ಹೊಡದ್ರ ಅವು ಎರಡು ಹೊಡೀತಾವ. ಬಟ್ಟಿ ನಡುವ ಕೂತ್ರ ಸುಮ್ಕಿರ್ತಾವ."

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳು ನಾನು, ಇಡೀ ಓಣಿಗೆ ಮಿಸ್. ಅವಳಿಗೂ ಮಿಸ್ ಆದೆ. ಅವಳು ಔರಾದ ತಾಲೂಕಿನ ಎಕಂಬಾದವಳು. ಅಪ್ಪನಿಗೆ ಒಣಭೂಮಿ, ನಾಲ್ಕು ಎಕರೆ ತೊಗರಿ, ಒಂದಿಷ್ಟು ಕುರಿ. ಫ್ಯಾಶನ್ ಡಿಸೈನಿಂಗ್‌ನಲ್ಲಿ ಡಿಪ್ಲೊಮಾ ಮಾಡಿ ಬೀದರಿನ ಒಂದು ಹೊಲಿಗೆ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದಳು. ಟೇಪು ಕೊರಳಲ್ಲಿರುವುದು ಮರೆತು ಹಾಗೆಯೇ ತರಕಾರಿಗೆ ಹೋಗುತ್ತಿದ್ದಳು. ಎದುರಿಗೆ ಯಾರೇ ಕೂತರೂ ಕಣ್ಣಿನಿಂದಲೇ ಅಳೆಯುತ್ತಿದ್ದಳು. "ಮಿಸ್, ನಿಮ್ಮ ಬಲಭುಜ ಅರ್ಧ ಇಂಚು ಮ್ಯಾಲದ. ಬೋರ್ಡಿನ ಮ್ಯಾಲ ಬರದು ಬರದು ಹಂಗಾಗೇದ. ನಿಮ್ಮ ಬ್ಲೌಸ್ ಹೊಲಿಯಾಂವ ಇದನ್ನ ಒಂದಿನಾನೂ ನೋಡಿಲ್ಲೇನ್ರಿ?" ಎಂದು ಕೇಳಿ, ಮುಂದಿನ ವಾರ ನನಗೆ ಒಂದು ಬ್ಲೌಸು ಹೊಲಿದು ತಂದಳು. ಈ ವಯಸ್ಸಿನಲ್ಲಿ ಮೊದಲ ಸಲ ನನ್ನ ಸೆರಗು ಭುಜದ ಮೇಲೆ ತಾನಾಗಿ ನಿಂತಿತು.

ಚಳಿಗಾಲದಲ್ಲಿ ಕೋಟೆಯ ಕಡೆ ವಾಕಿಂಗ್ ಹೋಗುವಾಗ ಅವಳು ಕುರಿಗಾರರ ಕರಿಕಂಬಳಿಯಿಂದ ಹೊಲಿದ ಜಾಕೆಟ್ ತೊಡುತ್ತಿದ್ದಳು. ಜನ ತಿರುಗಿ ನೋಡುತ್ತಿದ್ದರು. "ಅಪ್ಪ ಹೊದ್ರ ಕುರಿ ಕಾಯಾವ, ನಾ ಹಾಕ್ಕೊಂಡ್ರ ಫ್ಯಾಶನ್. ಕಂಬಳಿಗೆ ಏನೂ ಗೊತ್ತಿಲ್ರಿ ಪಾಪ" ಎನ್ನುತ್ತಿದ್ದಳು. ಪ್ಯಾಂಟಿನ ಬಗ್ಗೆ ನಾನು ಏನೋ ಗೊಣಗಿದಾಗ, "ನಮ್ಮಜ್ಜಿ ಕಚ್ಚಿ ಹಾಕಿ ಸೀರಿ ಉಟ್ಟು ಗ್ವಾಡಿ ಹತ್ತತಿದ್ಳು. ಅದೂ ಪ್ಯಾಂಟೇ ರೀ ಮಿಸ್, ಹೆಸರಷ್ಟೇ ಬ್ಯಾರೆ" ಎಂದಳು. ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮ ಲಂಗದ ಅಂಚನ್ನು ಸ್ಕೇಲಿನಿಂದ ಅಳೆಯುತ್ತಿದ್ದ ಕಾಲದವಳು ನಾನು.

ಡೇಟಿಂಗ್ ಎಂಬ ಶಬ್ದವನ್ನು ಅವಳು ಮನೆಯ ಸಾಮಾನಿನ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ಭಾಲ್ಕಿಯ ಒಬ್ಬ ಹುಡುಗ, ಅಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸುವವನು, ಒಂದೂವರೆ ವರ್ಷದಿಂದ ಅವಳ ಗೆಳೆಯ. ಅವನ ಹೆಸರು ಹೇಳುತ್ತಿರಲಿಲ್ಲ. 'ಭಾಲ್ಕಿ' ಎಂದೇ ಕರೆಯುತ್ತಿದ್ದಳು.

"ನಮ್ಮ ಕಡಿ ಡೇಟಿಂಗ್ ಹ್ಯಾಂಗ ಗೊತ್ತೇನ್ರಿ ಮಿಸ್? ಅಂವ ಬೀದರಕ್ಕ ಬರ್ತಾನ, ವಾಪಸ್ ಹೋಗೂಮುಂದ ಭಾಲ್ಕಿತನ ಇಬ್ಬರದೂ ಒಂದೇ ಬಸ್ಸು. ನಾ ಹೆಂಗಸರ ಸೀಟಿನಾಗ, ಅಂವ ಹಿಂದ ಎಲ್ಲೋ. ಇಬ್ಬರೂ ಫೋನಿನಾಗ ಮಾತಾಡ್ಕೋತ ಹೋಗೋದು. ಭಾಲ್ಕ್ಯಾಗ ಅಂವ ಇಳೀತಾನ, ನಾ ಅದೇ ಬಸ್ಸಿಗೆ ವಾಪಸ್. ಇಷ್ಟೇ."

"ಎಷ್ಟು ಚೇಸ್ಟ್, ಎಷ್ಟು ಪವಿತ್ರ!" ಎಂದೆ.

"ಚೇಸ್ಟ್ ಅಲ್ರಿ, ಸುಸ್ತು" ಎಂದಳು.

ಅವಳ ಇನ್ನೊಂದು ಮಾತು ನಾನು ಅವಳ ಬಾಯಿಂದಲೇ ಕೇಳಿದ್ದು. ತಿಂಗಳಿಗೊಮ್ಮೆ ಅವಳು ಮನಸ್ಸಿನ ಡಾಕ್ಟರ ಬಳಿ ಹೋಗುತ್ತಿದ್ದಳು, ದಿನಾ ಅರ್ಧ ಗುಳಿಗೆ ತೆಗೆದುಕೊಳ್ಳುತ್ತಿದ್ದಳು. "ಎದಿ ಡಬಡಬ ಅಂತದ್ರಿ. ಬಸ್ಸು ತಪ್ಪಿ ಹೋತು ಅನಿಸ್ತದ. ಖರೇ ಅಂದ್ರ ನಾ ಬಸ್ಸಿನಾಗೇ ಕೂತಿರ್ತೇನಿ." ಒಮ್ಮೆ ಹಾಗಾದಾಗ ನಾನು ಏನೂ ಕೇಳದೆ ಪಕ್ಕದಲ್ಲಿ ಕೂತಿದ್ದೆ. ಈಚೆಗೆ ಎಷ್ಟೋ ಕಡಿಮೆಯಾಗಿತ್ತು. ಪಾಡ್‌ಕಾಸ್ಟಿನಲ್ಲಿ ಹುಡುಗಿಯರ ಮನಸ್ಸಿನ ಕಷ್ಟದ ಬಗ್ಗೆ ಬಹಳ ಮಾತಾಡುತ್ತಿದ್ದಳು, ಆದರೆ ತನ್ನದೆಂದು ಹೇಳುತ್ತಿರಲಿಲ್ಲ. "ಭಾಲ್ಕಿಗೆ ಎಲ್ಲಾ ಗೊತ್ತದ. ಅವರ ಮನ್ಯಾಗ ನಾನೇ ಕೂತು ಹೇಳ್ತೇನಿ, ನನ್ನ ಮಾತಿನಾಗ. ಬ್ಯಾರೆದವರ ಬಾಯಾಗ ಬಿದ್ರ ಅದು ಬ್ಯಾರೇನೇ ಆಗ್ತದ್ರಿ" ಎಂದಿದ್ದಳು.

ಅದನ್ನು ಕೇಳಿದ ಭಾನುವಾರ ನನಗೇನಾಯಿತೋ, ಐವತ್ತು ವರ್ಷ ಯಾರಿಗೂ ಹೇಳದ್ದನ್ನು ಅವಳ ಕಪಾಟಿನ ಮುಂದೆ ಚಾಪೆಯ ಮೇಲೆ ಕೂತು ಹೇಳಿಬಿಟ್ಟೆ. ಟೀಚರ್ಸ್ ಟ್ರೈನಿಂಗ್ ಓದುವಾಗ ನನಗೆ ನಿದ್ದೆ ಹೋಯಿತು, ಆಮೇಲೆ ಊಟ ಹೋಯಿತು. ಪ್ರೇಯರ್ ಹಾಲಿನಲ್ಲಿ ಕಾರಣವಿಲ್ಲದೆ ಅಳುತ್ತಿದ್ದೆ. "ನರ್ವ್ಸ್, ಚೈಲ್ಡ್" ಎಂದು ಸಿಸ್ಟರ್ ಮನೆಗೆ ಕಳಿಸಿದರು. ಹೈದರಾಬಾದಿನ ಡಾಕ್ಟರ ಗುಳಿಗೆ ಒಂದು ವರ್ಷ ನಡೆಯಿತು. ಅವ್ವ ಓಣಿಗೆಲ್ಲ ಟೈಫಾಯಿಡ್ ಎಂದಳು. ಆಮೇಲೆ ಹೆಣ್ಣು ನೋಡಲು ಬಂದವರು ಬಾಜೂ ಮನೆಯಲ್ಲಿ ವಿಚಾರಿಸಿದಾಗ ಅಲ್ಲಿನ ಕಾಕಿ, ಎಲ್ಲ ಕಣ್ಣಾರೆ ಕಂಡವಳು, "ಟೈಫಾಯಿಡ್ ಆಗಿತ್ರಿ ಪಾಪ, ಕೂದಲೆಲ್ಲ ಉದುರಿದ್ವು, ಈಗ ನೋಡ್ರಿ ಹ್ಯಾಂಗ ಬಂದಾವ" ಎಂದಳಂತೆ. ನನ್ನ ಕೂದಲು ಒಂದೂ ಉದುರಿರಲಿಲ್ಲ. ನನಗೆ ಮದುವೆಯಾಯಿತು, ಒಳ್ಳೆಯ ಗಂಡ ಸಿಕ್ಕರು. ಅವರು ಹೋಗುವವರೆಗೂ ಅವರಿಗೆ ನನ್ನದು ಟೈಫಾಯಿಡೇ.

"ಕೂದಲದ ಮಾತು ಸೇರಿಸಿದ್ಳಲ್ರಿ ಕಾಕಿ! ಭಾರಿ ಹೆಣಮಗಳು" ಎಂದು ಹುಡುಗಿ ನಕ್ಕಳು. ರೆಕಾರ್ಡ್ ಮಾಡಬಹುದೇ ಎಂದು ಕೇಳಿದಳು. ನೋ ಎಂದೆ. ಫೋನನ್ನು ಎತ್ತಿ ಪಕ್ಕದ ಕೋಣೆಯಲ್ಲಿಟ್ಟು ಬಂದಳು. ಆ ಮಾತು ಅವಳಿಂದ ಯಾರಿಗೂ ಹೋಗಲಿಲ್ಲ, ಭಾಲ್ಕಿಯ ಹುಡುಗನಿಗೂ ಹೋಗಲಿಲ್ಲ.

ಇನ್ನು ನನ್ನ ವಿಷಯ.

ಅವಳ ಒಂದು ಎಪಿಸೋಡನ್ನು ನಾನು ಫೋನಿನಲ್ಲಿ ಕೇಳುತ್ತಿದ್ದೆ. ಬಟ್ಟೆಯ ಬಗ್ಗೆ ಮಾತು. ನಡುವೆ ನನ್ನ ದನಿಯನ್ನೇ ಅನುಕರಿಸಿದಳು: "ನಮ್ಮ ಮನಿ ಮಾಲಕಿ ಅಂತಾರ, ಡಿಗ್ನಿಟಿ, ಮೈ ಡಿಯರ್, ಬಿಗಿನ್ಸ್ ವಿತ್ ದ ದುಪಟ್ಟಾ." ಜೊತೆಗಿದ್ದ ಗೆಳತಿ ಬಿದ್ದು ಬಿದ್ದು ನಕ್ಕಳು. ನಾನು ಅಲ್ಲಿಗೇ ಬಂದ್ ಮಾಡಿದೆ. ಮೂವತ್ತು ವರ್ಷ ಹುಡುಗಿಯರು ಬೆನ್ನ ಹಿಂದೆ ನಕ್ಕಿದ್ದನ್ನು ಕೇಳದ ಹಾಗೆ ಇದ್ದವಳಿಗೆ ಇದು ಕಿವಿಯೊಳಗೇ ಬಂದು ನಕ್ಕಂತಾಯಿತು. ಆಮೇಲೆ ನಾಲ್ಕು ದಿನ ಅವಳ ಗುಡ್ ಮಾರ್ನಿಂಗಿಗೆ ತಲೆ ಮಾತ್ರ ಆಡಿಸಿದೆ.

ಐದನೆಯ ದಿನ ಭಾಲ್ಕಿಯಿಂದ ಹುಡುಗನ ಸೋದರತ್ತೆ ಬಂದರು. ಮನೆಯವರು ಒಪ್ಪುವ ಹಂತಕ್ಕೆ ಬಂದಿದ್ದರು, ಹೀಗೆ ಒಂದು ಮಾತು ವಿಚಾರಿಸಿ ಹೋಗುವುದಷ್ಟೇ ಬಾಕಿ. ಹುಡುಗಿ ಕೆಲಸಕ್ಕೆ ಹೋಗಿದ್ದಳು. ಚಹಾ ಕೊಟ್ಟೆ.

"ನೀವು ಕಲಿತವ್ರು. ನಿಮ್ಮ ಮಾತು ಅಂದ್ರ ಸರಕಾರಿ ಛಾಪಾ ಹೊಡದಂಗ. ಹುಡುಗಿ ಹ್ಯಾಂಗ್ರಿ?"

"ಬಹಳ ಬ್ರೈಟ್. ಕೆಲಸದಾಕಿ. ಬಾಯಿ ಸ್ವಲ್ಪ ಮುಂದ" ಎಂದೆ. ಆ ಕೊನೆಯ ಮಾತಿನಲ್ಲೇ ನಾನು ದಾರಿ ಬಿಟ್ಟಿದ್ದೆ.

"ಇರಲಿ ತಗೋರಿ, ಈಗಿನ ಹುಡುಗ್ಯಾರು. ಆರೋಗ್ಯ ಛಂದದ ಇಲ್ರಿ?"

"ಶೀ ಈಸ್ ಅಂಡರ್ ಟ್ರೀಟ್‌ಮೆಂಟ್" ಎಂದೆ.

ಯಾಕೆ ಇಂಗ್ಲಿಷಿನಲ್ಲಿ ಹೇಳಿದೆ? ತಿಳಿಯದಿರಲಿ ಎಂದೇ, ಅಥವಾ ಹೇಳಿದ ಹಾಗೂ ಆಗಲಿ ಹೇಳದ ಹಾಗೂ ಆಗಲಿ ಎಂದೇ? ಆಕೆ ಕಪ್ಪು ಕೆಳಗಿಟ್ಟರು. "ಏನ್ರಿ ಅದು? ನಮಗ ತಿಳಿಯಂಗ ಹೇಳ್ರಿ." ಆಗಲೂ ನನಗೆ ಸಮಯವಿತ್ತು. ಹೋದ ವರ್ಷ ಟೈಫಾಯಿಡ್ ಆಗಿತ್ತು ಎಂದಿದ್ದರೆ ಸಾಕಿತ್ತು. ಕೂದಲು ಉದುರಿತ್ತು ಎಂದೂ ಸೇರಿಸಬಹುದಿತ್ತು. ನಾನು ಮಾತ್ರ ಇಂಗ್ಲಿಷ್ ಪಾಠ ಮಾಡಿದ ಹಾಗೆ ಶಬ್ದ ಶಬ್ದ ಬಿಡಿಸಿ ಹೇಳಿದೆ: ಮನಸ್ಸಿನ ಡಾಕ್ಟರ್, ತಿಂಗಳಿಗೊಮ್ಮೆ, ಗುಳಿಗಿ ನಡದಾವ.

"ತಲಿ ಖರಾಬ್ ಅದ ಏನ್ರಿ?"

"ಛೇ ಛೇ, ಹಂಗಲ್ರಿ, ಅದು ಒಂದು ನಮೂನಿ..." ಎಂದು ಬಿಡಿಸಿ ಹೇಳಹೋದೆ. ಹೇಳಿದಷ್ಟೂ ಕೆಟ್ಟಿತು. ಆಕೆ ಬ್ಯಾಗು ಹೆಗಲಿಗೆ ಹಾಕಿಕೊಂಡು, "ಭಾಳ ಉಪಕಾರ ಆತ್ರಿ ಮಿಸ್. ನೀವು ಖರೇ ಹೇಳಿದ್ರಿ" ಎಂದು ನನ್ನ ಕೈ ಹಿಡಿದು ಹೋದರು.

ಸುಳ್ಳು ಹೇಳಬಾರದು ಎಂದು ಸಿಸ್ಟರುಗಳು ಕಲಿಸಿದ್ದರು ಎಂದು ಆ ದಿನ ನನಗೆ ನಾನೇ ಹೇಳಿಕೊಂಡೆ. ಸಿಸ್ಟರುಗಳ ಹೆಸರನ್ನು ಇದರಲ್ಲಿ ಎಳೆಯುವುದು ತಪ್ಪು. ಅದು ದುಪಟ್ಟಾದ ಸಿಟ್ಟು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಅವಳು ಮೆಟ್ಟಿಲ ಕೊನೆಯಲ್ಲಿ ನಿಂತು, "ಭಾಲ್ಕಿ ಮುಗೀತ್ರಿ ಮಿಸ್" ಎಂದಳು.

"ಯಾಕ?" ಎಂದೆ. ನಾನು ಕೇಳಿದೆ, ಯಾಕ ಎಂದು.

"ನನ್ನ ಗುಳಿಗಿ ಸುದ್ದಿ ಯಾರೋ ಹೇಳ್ಯಾರಂತ. ಅಂವ ಮನ್ಯಾಗ ಭಾಳ ಜಗಳಾಡ್ದ. ಆಮ್ಯಾಲ ಅವ್ರವ್ವ ಊಟ ಬಿಟ್ಳು. ಆಮ್ಯಾಲ ಅಂವ ಫೋನ್ ಬಿಟ್ಟ." ನನ್ನ ಮುಖವನ್ನೇ ನೋಡುತ್ತಿದ್ದಳು.

"ಪೀಪಲ್ ಆರ್ ಲೈಕ್ ದಟ್, ಮೈ ಡಿಯರ್" ಎಂದೆ.

"ಹೌದ್ರಿ" ಎಂದು ಕೆಲಸಕ್ಕೆ ಹೋದಳು.

ಮತ್ತೆರಡು ತಿಂಗಳು ಮೇಲಿನ ಕೋಣೆಯಲ್ಲೇ ಇದ್ದಳು. ಭಾನುವಾರ ಸದ್ದಿರಲಿಲ್ಲ. ಆಮೇಲೆ ಔರಾದಿನಲ್ಲಿ ತಾನೇ ಹೊಲಿಗೆ ಕ್ಲಾಸು ತೆರೆಯುತ್ತೇನೆಂದು ಸಾಮಾನು ಕಟ್ಟಿದಳು. ಅವಳು ಹೋದ ಮೇಲೆ, ಮನೆಯ ಮೌನ ತಾಳದೆ, ನಾನು ಅರ್ಧಕ್ಕೆ ಬಂದ್ ಮಾಡಿದ್ದ ಎಪಿಸೋಡನ್ನು ಮತ್ತೆ ಹಚ್ಚಿದೆ. ದುಪಟ್ಟಾದ ನಗು ಮುಗಿದ ಮೇಲೆ ಅವಳು ಹೇಳಿದ್ದು: "ನಗಬ್ಯಾಡ್ವೇ. ನನಗ ತ್ರಾಸ ಆದ ದಿವ್ಸ, ನನ್ನ ಬಾಜೂಕ ಕೂತು ಒಂದೂ ಪ್ರಶ್ನಿ ಕೇಳ್ಲಾರ್ದಾಕಿ ಅಕಿ ಒಬ್ಬಾಕಿನೇ."

ಮರುದಿನ ಔರಾದ ಬಸ್ಸು ಹತ್ತಿದೆ. ಬಸ್ ಸ್ಟ್ಯಾಂಡಿನ ಎದುರಿಗೇ, ಬೀಜದಂಗಡಿಯ ಮಾಳಿಗೆಯ ಮೇಲೆ ಅವಳ ಕ್ಲಾಸು. ಏಳೆಂಟು ಹುಡುಗಿಯರು ಮಿಷನ್ ತುಳಿಯುತ್ತಿದ್ದರು. ನನ್ನನ್ನು ಕಂಡು ಎದ್ದು ಬಂದು ಕುರ್ಚಿ ಕೊಟ್ಟಳು, ನೀರು ಕೊಟ್ಟಳು.

"ಅವತ್ತು ಅದು ಹೇಳಿದಾಕಿ ನಾನು" ಎಂದೆ.

"ಗೊತ್ತದ್ರಿ ಮಿಸ್."

"ಯಾವಾಗಿಂದ?"

"ಅವತ್ತಿಂದ್ಲೇ. ಅವರತ್ತಿ ಮನ್ಯಾಗ ಹೋಗಿ 'ಅಂಡರ್ ಟ್ರೀಟ್‌ಮೆಂಟ್' ಅಂದ್ರಂತ. ಆ ಮಾತು ಆಕಿಗೆ ಎಲ್ಲಿಂದ ಬರಬೇಕ್ರಿ?"

"ಮತ್ತ ನನ್ನ ಯಾಕ ಕೇಳಲಿಲ್ಲವ್ವಾ?"

ಅವಳು ಕೈಯಲ್ಲಿದ್ದ ಬಟ್ಟೆಯ ಅಂಚಿನ ದಾರವನ್ನು ಹಲ್ಲಿನಿಂದ ಕಡಿದಳು. "ಮೆಟ್ಟಿಲ ಮ್ಯಾಲ ನೀವು ಯಾಕ ಅಂತ ಕೇಳಿದ್ರಿ. ಇವತ್ತು ಹೇಳ್ತಾರ, ನಾಳಿ ಹೇಳ್ತಾರ ಅಂತ ಎರಡು ತಿಂಗಳು ಕಾದೆ ನೋಡ್ರಿ. ನನಗ ಭಾಲ್ಕಿಕಿಂತ ಅದೇ ಭಾಳ ತ್ರಾಸ ಆತು."

ಸಾರಿ ಎಂದೆ. ಬದುಕಿಡೀ ಎಷ್ಟೋ ಹುಡುಗಿಯರಿಂದ ಹೇಳಿಸಿದ ಶಬ್ದ ನನ್ನ ಬಾಯಲ್ಲಿ ತೀರ ಸಣ್ಣದಾಗಿ ಕೇಳಿಸಿತು. ಅವಳು ಇರಲಿ ಬಿಡ್ರಿ ಎನ್ನಲಿಲ್ಲ. ಸಿಟ್ಟನ್ನೂ ಮಾಡಲಿಲ್ಲ. "ಬಿಸಿಲಾಗ್ತದ. ಈ ಬಸ್ಸು ಬಿಟ್ರ ಮತ್ತ ಲೇಟ್ ಆಗ್ತದ್ರಿ ನಿಮಗ" ಎಂದು ಎದ್ದಳು.

ಮೆಟ್ಟಿಲಿಳಿಯುವಾಗ ನನ್ನ ಮೊಳಕೈ ಹಿಡಿದಿದ್ದಳು. ಕಿಟಕಿ ಪಕ್ಕದ ಸೀಟು ಹುಡುಕಿ ಕೂಡಿಸಿದಳು. "ಬೀದರದಾಗ ಇವ್ರಿಗಿ ಸವಕಾಶ ಇಳಿಸ್ರಿ ಅಣ್ಣಾ" ಎಂದು ಕಂಡಕ್ಟರನಿಗೆ ಹೇಳಿದಳು. ಕೆಳಗಿಳಿದು ಕಿಟಕಿಯ ಬಳಿ ಬಂದು, "ಮಿಸ್, ಬರ್ತೇನ್ರಿ. ಹುಡುಗ್ಯಾರು ಕಾಯಾಕತ್ಯಾರ" ಎಂದಳು. ಬಸ್ಸು ಹೊರಡುವ ಮೊದಲೇ ರಸ್ತೆ ದಾಟಿ, ಬೀಜದಂಗಡಿಯ ಬಾಜೂಕಿನ ಮೆಟ್ಟಿಲು ಹತ್ತಿ ಹೋದಳು. ಅವಳನ್ನು ನಾನು ನೋಡಿದ್ದು ಅದೇ ಕೊನೆ.

ಡ್ರೈವರ್ ಚಹಾಕ್ಕೆ ಹೋಗಿದ್ದ. ಬಸ್ಸು ಇನ್ನೂ ಹತ್ತು ನಿಮಿಷ ಅಲ್ಲೇ ನಿಂತಿತ್ತು. ಇಳಿದು ಮತ್ತೆ ಹೋಗಬಹುದಿತ್ತು. ನಾನು ಇಳಿಯಲಿಲ್ಲ.