ಆದಿಲಕ್ಷ್ಮಿಯ ಮುಂದಿನ ಸೀಟು

ಭಾನುವಾರ ಸಂಜೆ ಕ್ಯಾಲನೂರಿನ ಡೇರಿಗೆ ಹಾಲು ಹಾಕಿ ಬಂದದ್ದೇ ತಡ, ಚನ್ನರಾಯಪ್ಪನ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಒಗೆದ ಪಂಚೆ ಉಟ್ಟು, ಮೀಸೆಗೆ ನೀರು ಸವರಿ, ಕೋಲಾರದ ಬಸ್ಸಿಗೆ ಹೊರಡುತ್ತಿದ್ದ.

“ಹೊರಟ್ರಾ ನನ್ ಸವತಿ ಹತ್ರ?” ಹೆಂಡತಿ ವೆಂಕಟರತ್ನಮ್ಮ ಕೊಟ್ಟಿಗೆಯಿಂದಲೇ ಕೆಣಕುತ್ತಿದ್ದಳು.

“ಪ್ಯಾಟೇಲಿ ಕೆಲ್ಸ ಐತೆ.”

“ಅದೇನ್ ಕೆಲ್ಸನೋ. ಬರೋವಾಗ ಮೈಯೆಲ್ಲ ಬೆಳ್ಳುಳ್ಳಿ ವಾಸ್ನೆ.”

ಸವತಿ ಎಂದರೆ ಹೆಣ್ಣಲ್ಲ, ಒಂದು ಟೆಂಪೊ. ಹಣೆಯ ಮೇಲೆ ಅವನ ತಾಯಿಯ ಹೆಸರು, ಆದಿಲಕ್ಷ್ಮಿ. ಸುತ್ತಲ ಹೊಲಗಳ ಟೊಮೆಟೊವನ್ನು ಮಂಡಿಗೆ ಹೊತ್ತು ಹೊತ್ತು ಚನ್ನರಾಯಪ್ಪ ಮುದುಕನಾದದ್ದು ಅದರ ಬೆನ್ನ ಮೇಲೆಯೇ. ಬೇರೆಯವರು ಎತ್ತಿನ ಮೈ ತಿಕ್ಕಿದರೆ ಇವನು ಟೆಂಪೊ ಮೈ ತಿಕ್ಕುತ್ತಿದ್ದ. ಚಪ್ಪಲಿ ಹಾಕಿಕೊಂಡು ಒಂದು ದಿನವೂ ಅದನ್ನು ಹತ್ತಿದವನಲ್ಲ. ಕಣ್ಣಿಗೆ ಮಬ್ಬು ಕವಿದು, ಎದುರಿನ ಲಾರಿ ಎರಡಾಗಿ ಕಾಣತೊಡಗಿದ ಮೇಲೆ ಮಾಲೂರಿನ ದಲ್ಲಾಳಿಗೆ ಮಾರಿಬಿಟ್ಟ. ಹಸು ಮಾರಿದವನು ಹಗ್ಗ ಹಿಡಿದು ಕೂರಬಾರದು. ಇವನು ಕೀಲಿಕೈಯ ಉಂಗುರವನ್ನು ಬಿಚ್ಚಿಟ್ಟುಕೊಂಡು ಉಡಿದಾರಕ್ಕೆ ಸಿಕ್ಕಿಸಿಕೊಂಡಿದ್ದ.

ಆಮೇಲೊಂದು ಭಾನುವಾರ ಡ್ರಿಪ್ ಪೈಪು ತರಲು ಕೋಲಾರಕ್ಕೆ ಹೋದಾಗ, ಹೆದ್ದಾರಿ ಪಕ್ಕದ ಬಯಲಿನಲ್ಲಿ ತಿಂಡಿ ಗಾಡಿಗಳ ಸಂತೆಯೇ ನೆರೆದಿತ್ತು. ಬಣ್ಣಬಣ್ಣದ ದೀಪ, ಎಣ್ಣೆಯ ಹೊಗೆ, ತಟ್ಟೆ ಹಿಡಿದು ನಿಂತ ಕಾಲೇಜು ಮಕ್ಕಳು. ಅವುಗಳ ನಡುವೆ ಪಕ್ಕೆ ಕೊಯ್ದು ಕಿಟಕಿ ಮಾಡಿಸಿಕೊಂಡ ಒಂದು ನೀಲಿ ಗಾಡಿ. ಎಡಬಾಗಿಲಿನಲ್ಲಿ ವೇಮಗಲ್ಲಿನ ಹೋರಿಯೊಂದು ಗುದ್ದಿದ ತಗ್ಗು ಹಾಗೆಯೇ ಇತ್ತು. ಬಣ್ಣ ಬಳಿದರೆ ಮಗುವಿನ ಮಚ್ಚೆ ತಾಯಿಗೆ ಮರೆತುಹೋಗುತ್ತದೆಯೇ?

ಅವನು ತನಗೆ ಗೊತ್ತಿಲ್ಲದೆ ಚಪ್ಪಲಿ ಬಿಟ್ಟ.

“ತಾತ, ಇದು ದೇವಸ್ಥಾನ ಅಲ್ಲ,” ಎಂದು ಕಿಟಕಿಯೊಳಗಿನ ಹುಡುಗಿ ಮೇಘನ ನಕ್ಕಳು. ಗಂಡ ವೆಂಕಟ್ ಜೊತೆ ಅವಳೇ ಆ ಗಾಡಿ ನಡೆಸುತ್ತಿದ್ದಳು.

“ಅಭ್ಯಾಸ ಕಣಮ್ಮ. ಏನೈತೆ ತಿನ್ನಾಕೆ?”

ಅವಳು ಮೊಮೊ ಕೊಟ್ಟಳು. ಕಡುಬಿನ ಮರಿಯಂತಿತ್ತು. ಮುದ್ದೆ ಉಂಡು ಬೆಳೆದ ಗಂಟಲು. ಸಾರು ಕಂಡರೆ ಅದ್ದುವುದು, ಅದ್ದಿದ್ದನ್ನು ನುಂಗುವುದು. ಕೆಂಪು ಚಟ್ನಿಗೆ ಅದ್ದಿ, ಅಗಿಯದೆ ಇಡಿಯಾಗಿ ನುಂಗಿದ. ಹೊಟ್ಟೆಯವರೆಗೂ ಬೆಂಕಿಯ ಗೆರೆ ಎಳೆದಂತಾಯಿತು. ಮೇಘನ ಗಾಬರಿಯಿಂದ ನೀರು ಕೊಟ್ಟು, “ಅಗೀಬೇಕು ತಾತ,” ಎಂದಳು.

“ಅಗಿಯೋದು ದನ ಕಣಮ್ಮ,” ಎಂದ, ಕಣ್ಣೊರೆಸಿಕೊಂಡು.

ಅಂದಿನಿಂದ ಪ್ರತಿ ಭಾನುವಾರ ಹೋದ, ತಿಂದ, ಬಂದ. ಅವನಿಗೆ ಬೇಕಿದ್ದದ್ದು ಒಂದೇ: ಡ್ರೈವರ್ ಸೀಟಿನಲ್ಲಿ ಒಂದು ಸಲ ಕೂರಬೇಕು. ಆದರೆ ತನ್ನ ಕೈಯಾರೆ ಮಾರಿದ್ದನ್ನು ಬಾಯಿಬಿಟ್ಟು ಕೇಳುವುದು ಹೇಗೆ? ಮಾನ ಅಡ್ಡ ಬರುತ್ತಿತ್ತು. ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ, ಆದರೆ ಉಡಿದಾರದ ಉಂಗುರ ಸವರುವುದನ್ನು ನೋಡಿಯೇ ಹೆಂಡತಿ ಎಲ್ಲ ಊಹಿಸಿದ್ದಳು.

ಮೊನ್ನೆ ಭಾನುವಾರ ವೆಂಕಟರತ್ನಮ್ಮ ಹಟ ಹಿಡಿದು ಜೊತೆಗೆ ಬಂದಳು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ತಗ್ಗಿನ ಮೇಲೆ ಕೈಯಿಟ್ಟಳು.

“ಅಬ್ಬೋ, ನನ್ ಸವತಿಗೆ ಏನ್ ಸಿಂಗಾರ.” ಆಮೇಲೆ ಕಿಟಕಿಯತ್ತ ತಿರುಗಿದಳು. “ಏನಮ್ಮ, ಇದು ಇವರದೇ ಗಾಡಿ ಆಗಿತ್ತು. ಒಂದ್ ಗಳಿಗೆ ಮುಂದೆ ಕೂತ್ಕೊಳ್ಳಲಾ ಅಂತ ಕೇಳಾಕೆ ನಾಚ್ಕೆ ಈ ಮಹರಾಯನಿಗೆ.”

“ಲೇ, ಸುಮ್ನಿರೇ,” ಎಂದು ಚನ್ನರಾಯಪ್ಪ ತಲೆ ತಗ್ಗಿಸಿದ.

“ಮೊದ್ಲೇ ಹೇಳ್ಬಾರ್ದಾ ತಾತ,” ಎನ್ನುತ್ತ ವೆಂಕಟ್ ಕೈ ಒರೆಸಿಕೊಂಡು ಇಳಿದು ಬಂದ. “ಆದ್ರೆ ಇಂಜಿನ್ ಇಲ್ಲ. ನಾವು ತಗೊಳ್ಳೋವಾಗ್ಲೇ ಬಿಚ್ಚಿದ್ರು. ಟ್ರ್ಯಾಕ್ಟರಲ್ಲಿ ಎಳ್ಕೊಂಡು ಬಂದು ನಿಲ್ಸಿರೋದು.”

ಚನ್ನರಾಯಪ್ಪ ಬಾಗಿಲು ತೆರೆದಾಗ ಸೀಟೂ ಇರಲಿಲ್ಲ. ಅದರ ಜಾಗದಲ್ಲಿ ಎಲೆಕೋಸಿನ ಮೂಟೆಗಳಿದ್ದವು. ಸ್ಟೀರಿಂಗ್ ಒಂದು ಮಾತ್ರ ಹಾಗೆಯೇ ಉಳಿದಿತ್ತು. ಚಪ್ಪಲಿ ಬಿಟ್ಟು, ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಹತ್ತಿ, ಮೂಟೆಯ ಮೇಲೆ ಕೂತ. ಬಲಗಾಲು ಬ್ರೇಕು ಹುಡುಕಿತು. ಈರುಳ್ಳಿ ಸಿಪ್ಪೆ ಸಿಕ್ಕಿತು.

ಆ ಕಡೆಯ ಬಾಗಿಲು ಕಿರ್ರೆಂದಿತು. ವೆಂಕಟರತ್ನಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತುತ್ತಿದ್ದಳು. ಅವಳೂ ಚಪ್ಪಲಿ ಬಿಟ್ಟಿದ್ದಳು.

“ನೀನ್ಯಾಕೆ?”

“ಯಾಕೆ ಅಂದ್ರೆ? ಒಂದ್ ದಿನಾನಾದ್ರೂ ಈ ಜಾಗ ನನಗೆ ಕೊಟ್ರಾ? ಯಾವಾಗ್ ಕೇಳಿದ್ರೂ ಟೊಮೆಟೊ ಯಜಮಾನ್ರು ಕೂತಿರ್ತಿದ್ರು.”

ಮಾಲು ತುಂಬಿದವನಿಗೆ ಮುಂದಿನ ಸೀಟು, ಅದು ಟೆಂಪೊದವರ ಕಟ್ಟಳೆ. ಹೆಂಡತಿಗೆ ಅಂತ ಜಾಗ ಆ ಕಟ್ಟಳೆಯಲ್ಲಿ ಇರಲಿಲ್ಲ.

“ಮುಳಬಾಗ್ಲು ದೋಸೆ ತರ್ತಿದ್ರಲ್ಲ, ಎಲೇಲಿ ಸುತ್ಕೊಂಡು,” ಎಂದಳು ಮುಂದಿನ ಗಾಜನ್ನೇ ನೋಡುತ್ತ. “ಮನೆಗೆ ಬರೋ ಹೊತ್ಗೆ ಚರ್ಮದ ಹಾಗ್ ಆಗಿರೋದು. ಚೆನ್ನಾಗೈತೆ ಅಂತ ತಿಂತಿದ್ದೆ. ನಿಮ್ ಪಕ್ಕ ಕೂತ್ಕೊಂಡ್ ಹೋಗಿ, ಹೆಂಚಿನ ಮೇಲಿಂದ ಬಿಸಿಬಿಸಿ ತಿನ್ಬೇಕು ಅಂತ ಆಸೆ ಇತ್ತು.”

“ನಾಳೆ ಬಸ್ಸಲ್ಲಿ ಹೋಗಾನ.”

“ಬಸ್ಸಲ್ಲಾಗಿದ್ರೆ ನಾನೊಬ್ಳೇ ಯಾವಾಗ್ಲೋ ಹೋಗ್ತಿದ್ದೆ.”

ಮೇಘನ ಕಿಟಕಿಯಿಂದ ಬಗ್ಗಿ ಒಂದು ತಟ್ಟೆ ಮೊಮೊ ದಾಟಿಸಿದಳು. ವೆಂಕಟರತ್ನಮ್ಮ ಒಂದನ್ನು ಚಟ್ನಿಗೆ ಅದ್ದಿ ಬಾಯಿಗೆ ಒಯ್ದಳು.

“ಅಗಿಯೇ, ನುಂಗ್ಬ್ಯಾಡ,” ಎಂದ ಚನ್ನರಾಯಪ್ಪ. “ಸುಡ್ತೈತೆ.”

“ಸುಡ್ಲಿ. ನೀವ್ ಗಾಡಿ ಹೊಡೀರಿ.”

ಚನ್ನರಾಯಪ್ಪ ಉಡಿದಾರದ ಉಂಗುರ ತೆಗೆದು, ಕೀಲಿಯ ತೂತಿನ ಪಕ್ಕದ ಮೊಳೆಗೆ ನೇತುಹಾಕಿದ. ಸ್ಟೀರಿಂಗನ್ನು ಎರಡು ಕೈಯಲ್ಲೂ ಹಿಡಿದು ಮುಳಬಾಗಿಲಿನ ದಿಕ್ಕಿಗೆ ಮೆಲ್ಲಗೆ ತಿರುಗಿಸಿದ. ಅದು ಸಡಿಲವಾಗಿ ತಿರುಗಿತು, ಚಕ್ರಗಳು ಅಲುಗಲಿಲ್ಲ. ಪಕ್ಕದಲ್ಲಿ ವೆಂಕಟರತ್ನಮ್ಮ ಗಾಳಿ ಬರಲೆಂದು ಗಾಜು ಇಳಿಸಿದಳು.