ಬೀಗದ ಕೈಗೆ ಮುಂದಿನ ಸೀಟು

ನೋಡಿ ಸ್ನೇಹಿತರೇ, ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಅನುಕಂಪದ ನೌಕರಿ ಸಿಕ್ಕಿತು, ಹಾಕಿದ್ದು ಬೀದರಿಗೆ. ಹುಣಸೂರಿನ ಮನೆ ಸಾಗಿಸುವುದು ಹೇಗೆಂದು ಇವತ್ತು ಜಗಲಿಯಲ್ಲಿ ಮೀಟಿಂಗು. ಹಂಪಾಪುರದಿಂದ ಬಂದ ಚಿಕ್ಕಪ್ಪನದೇ ಅಧ್ಯಕ್ಷತೆ.

"ಮುಂದ್ಗಡೆ ಕಾರು. ಅದ್ರಲ್ಲಿ ದೇವ್ರ ಫೋಟೋ, ನಾನು, ನಮ್ಮನೆಯೋಳು. ಅದ್ರಿಂದೆ ಟೆಂಪೋಲಿ ಐಕ್ಳು. ಕೊನೇಲಿ ಸಾಮಾನಿನ ಲಾರಿ. ಅತ್ಗೆ, ನೀವು ಲಾರೀಲಿ ಬಂದ್ಬುಡಿ."

ಕಾರಿನಲ್ಲಿ ಜಾಗ ಇದೆಯಲ್ಲ ಎಂದೆ.

"ಜಾಗದ ಮಾತಲ್ಲ ಕಣ್ಲಾ. ಹೊಸ ಮನೇಲಿ ಹಾಲುಕ್ಸಕೆ ಹೊಂಟಿರೋ ಗಾಡಿ ಅದು. ಗಂಡ ಇಲ್ದೋರು ಕೂರಬಾರ್ದು."

ಮನೆ ಹೊರಟಿರುವುದೇ ಅಮ್ಮನ ನೌಕರಿಗೆ. ಬೀದರಿನಲ್ಲಿ ಬಿಸಿಲಿಗೆ ಅಲೆದು ಬಾಡಿಗೆ ಮನೆ ಹಿಡಿದು ಬಂದವಳೂ ಅವಳೇ. ಪಾತ್ರೆಗಳಿಗೆ ಹಳೇ ಸೀರೆ ಸುತ್ತುತ್ತಿದ್ದ ಅಮ್ಮ ತಲೆ ಎತ್ತದೆ ಹೇಳಿದಳು: "ಆಗ್ಲಿ ಕಣಪ್ಪ. ಆದ್ರೆ ಆ ಮನೆ ನೋಡಿರೋಳು ನಾನೊಬ್ಳೇ."

ಚಿಕ್ಕಪ್ಪ ಯೋಚನೆಗೆ ಬಿದ್ದರು. ಸದ್ಯ, ಬುದ್ಧಿ ಬಂತು ಅಂದುಕೊಂಡೆ.

"ಅಂಗಾದ್ರೆ ಅಡ್ರೆಸ್ ಬರ್ದ್ಕೊಡಿ ಅತ್ಗೆ. ಬೀಗದ ಕೈನೂ ಕೊಡಿ. ನಾವು ಮೊದ್ಲೋಗಿ ಬಾಗ್ಲು ತೆಗೀತೀವಿ."

ಅಮ್ಮ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಅವಳ ಸೆರಗಿನಲ್ಲಿದ್ದ ಬೀಗದ ಕೈ ಮುಂದಿನ ಕಾರಿನಲ್ಲಿ ಹೋಗಬಹುದಂತೆ. ಅವಳು ಹೋಗಬಾರದಂತೆ.