ಹೊಲಿಗೆ ತರಗತಿಯ ಹಲಗೆ ನೆಲ

1958ರಲ್ಲಿ ನಾನು ಸರ್ಕಾರಿ ಕಟ್ಟಡಗಳ ಓವರ್‌ಸಿಯರ್ ಆಗಿದ್ದೆ. ಕಚೇರಿ ದಾವಣಗೆರೆಯಲ್ಲಿತ್ತು, ಹರಿಹರದ ಕೆಲಸಗಳನ್ನೂ ನಾನೇ ನೋಡಬೇಕಿತ್ತು. ಅಲ್ಲಿ ಒಂದು ಹಳೆಯ ಗೋದಾಮಿನ ಮೇಲೆ ಮಹಿಳೆಯರ ಹೊಲಿಗೆ ತರಗತಿಗಾಗಿ ಹಲಗೆಯ ಮಹಡಿ ಹಾಕಿಸಿದೆವು. ಜುಲೈ ಮಳೆಯಲ್ಲಿ ಕೆಲಸ ಮುಗಿಯಿತು. ಹಲಗೆಗಳ ನಡುವೆ ಕಾಗದವೂ ತೂರುತ್ತಿರಲಿಲ್ಲ. ಮೆಚ್ಚಿ ಸಹಿ ಹಾಕಿದೆ.

ಮರುವರ್ಷ ಮಾರ್ಚ್‌ನಲ್ಲಿ ದೂರು ಬಂತು. ಹಲಗೆಗಳ ನಡುವೆ ಕಾಲಿಂಚು ಸಂದು ಬಿಟ್ಟಿತ್ತು. ದಿನಾ ಸಂಜೆ ನಾಲ್ಕಕ್ಕೆ ಯಾರೋ ನಡೆದ ಸದ್ದು ಕೇಳುತ್ತಿತ್ತಂತೆ. ಹದಿನೆಂಟು ಹೆಂಗಸರಲ್ಲಿ ಮೂವರು ಮಾತ್ರ ಉಳಿದಿದ್ದರು. ತಿಂಗಳೊಳಗೆ ಹಾಜರಿ ಹೆಚ್ಚದಿದ್ದರೆ ತರಗತಿ ಮುಚ್ಚಬೇಕೆಂದು ಆದೇಶವಾಗಿತ್ತು. ಕಲಿಸುತ್ತಿದ್ದ ಗಿರಿಜಮ್ಮ ವಿಧವೆ. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಆಧಾರವಿರಲಿಲ್ಲ.

ನಾನು ಹೋಗಿ ಅವರೊಂದಿಗೆ ಕುಳಿತೆ. ಕೆಳಗಿನ ಗೋದಾಮು ಬೀಗ ಹಾಕಿ ಖಾಲಿ ಬಿದ್ದಿತ್ತು. ಸಂದುಗಳಿಂದ ತಣ್ಣನೆ ಗಾಳಿ ಏಳುತ್ತಿತ್ತು. ನೆಲದ ಮೇಲಿದ್ದ ದಾರದ ತುಂಡುಗಳು ಎದ್ದು ನಿಂತು ಮತ್ತೆ ಮಲಗುತ್ತಿದ್ದವು. ನಾಲ್ಕಕ್ಕೆ ಪಡುವಣ ಕಿಟಕಿಯ ಬಳಿ 'ಟಕ್' ಎಂದಿತು. ಸ್ವಲ್ಪ ತಡೆದು ಇನ್ನೊಂದು, ಈ ಕಡೆಗೆ. ಹೆಜ್ಜೆಗಳು ಒಂದೊಂದಾಗಿ ನಮ್ಮತ್ತ ಬಂದು, ನನ್ನ ಬೂಟಿನ ಮುಂದೆ ನಿಂತವು.

"ನಿಂತ್ರು ನೋಡ್ರಿ ಸಾಹೇಬ್ರೆ" ಎಂದು ಗಿರಿಜಮ್ಮ ಪಿಸುಗುಟ್ಟಿದರು.

ಮರುದಿನ ಆ ನೆಲ ಹಾಕಿದ್ದ ಗುತ್ತೂರಿನ ಬಡಿಗ ದ್ಯಾಮಣ್ಣನನ್ನು ಕರೆಸಿದೆ. ತುಂಗಭದ್ರೆಯ ದೋಣಿಗಳನ್ನು ಕಟ್ಟಿ ಪಳಗಿದ ಕೈ ಅವನದು.

"ನೆಲ ಹಾಕಿದ್ಯೋ, ದೆವ್ವಕ್ಕ ದಾರಿ ಹಾಕಿದ್ಯೋ?" ಎಂದರು ಗಿರಿಜಮ್ಮ.

ದ್ಯಾಮಣ್ಣ ನಕ್ಕ. "ಸಂದಿಗೆ ಹೆದರಬ್ಯಾಡ್ರಿ ಅಮ್ಮಾರೆ. ನೀರಿಗೆ ಬಿಟ್ರೆ ಹಲಗೆ ಉಬ್ಬಿ ತಾನೇ ಮುಚ್ಕಂತೈತೆ."

"ಈ ಮಹಡೀನ ಯಾವ ನೀರಿಗೆ ಬಿಡ್ತೀಯ?" ಎಂದೆ.

ಅವನ ನಗು ನಿಂತಿತು. ದೋಣಿ ಕಟ್ಟುವ ರೂಢಿಯಂತೆ ಹಸಿ ಸಾಗುವಾನಿಯನ್ನು ಬಿಗಿದು ಜೋಡಿಸಿದ್ದ. ದೋಣಿ ನೀರಲ್ಲೇ ಇರುತ್ತದೆ; ನೆಲ ಒಣಗುತ್ತದೆ. ಕಿಟಕಿಯ ಬಿಸಿಲು ಒಳಗೆ ಸರಿದಂತೆ ಕುಗ್ಗಿದ ಹಲಗೆಗಳು ಮೊಳೆಯ ಹಿಡಿತದಲ್ಲಿ ಒಂದಾದ ಮೇಲೊಂದು 'ಟಕ್' ಎಂದು ಸದ್ದು ಮಾಡುತ್ತಿದ್ದವು. ಬಿಸಿಲು ಮುಗಿದಲ್ಲಿ ಹೆಜ್ಜೆಯೂ ಮುಗಿಯುತ್ತಿತ್ತು.

ಸಂದಿಗೆ ರಾಳ ತುಂಬುತ್ತೇನೆಂದ ದ್ಯಾಮಣ್ಣನನ್ನು ತಡೆದೆ. ತುಂಬಿದ್ದರೆ ಮಳೆಗಾಲದಲ್ಲಿ ನೆಲ ಉಬ್ಬಿ ಏಳುತ್ತಿತ್ತು. ಈಗ ಒಣಗಿದ್ದ ಹಲಗೆಗಳನ್ನೆಲ್ಲ ಕಿತ್ತು, ನಡುವೆ ಪೋಸ್ಟ್ ಕಾರ್ಡಿನ ದಪ್ಪದಷ್ಟು, ಗೋಡೆಯಂಚಿಗೆ ಅರ್ಧ ಇಂಚು ಎಡೆಬಿಟ್ಟು ಮತ್ತೆ ಹಾಕಿಸಿದೆ. ಹಸಿ ಮರವನ್ನು ಪರೀಕ್ಷಿಸದೆ ಒಪ್ಪಿದ್ದು ನನ್ನ ತಪ್ಪೆಂದು ವರದಿಯಲ್ಲಿ ಬರೆದೆ.

ಗಿರಿಜಮ್ಮ ಮನೆಮನೆಗೆ ಹೋಗಿ ಹನ್ನೊಂದು ಹೆಂಗಸರನ್ನು ಕರೆತಂದರು; ಹಾಜರಿ ಹದಿನಾಲ್ಕಕ್ಕೇರಿತು. ಮೊದಲ ದಿನ ನಾಲ್ಕು ಹೊಡೆಯುತ್ತಲೇ ಮಷೀನುಗಳೆಲ್ಲ ಒಟ್ಟಿಗೆ ನಿಂತವು. ಯಾರೂ ನಿಲ್ಲಿಸಿರೆಂದು ಹೇಳಿರಲಿಲ್ಲ. ಎಲ್ಲರ ಕಣ್ಣು ಪಡುವಣ ಕಿಟಕಿಯ ಮೇಲೆ. ಸದ್ದಿಲ್ಲ. ಆ ಮೌನ ಹೆಜ್ಜೆಗಳಿಗಿಂತ ಭಯಂಕರವಾಗಿತ್ತು. ಅಲ್ಲೇ ಕುಳಿತಿದ್ದ ನಾನೂ ಕಾಲನ್ನು ಹಿಂದಕ್ಕೆ ಎಳೆದುಕೊಂಡಿದ್ದೆ.

"ನೀವು ನಾಳೆನೂ ಬರ್ತೀರೇನ್ರಿ?" ಎಂದು ಒಬ್ಬಾಕೆ ನನ್ನನ್ನು ಕೇಳಿದಳು.

ಇಪ್ಪತ್ತು ದಿನ, ನಾಲ್ಕು ಗಂಟೆಗೆ ಅಲ್ಲೇ ಹೋಗಿ ಕುಳಿತೆ. ಇಪ್ಪತ್ತೊಂದನೆಯ ದಿನ ಮೆಟ್ಟಿಲು ಹತ್ತುವಾಗಲೇ ನಾಲ್ಕು ಹೊಡೆಯಿತು. ಮೇಲೆ ಒಂದು ಮಷೀನೂ ನಿಲ್ಲಲಿಲ್ಲ. ಒಳಗೆ ಹೋಗದೆ ಕೆಳಗಿಳಿದೆ. ದುರಸ್ತಿಯ ಅವಧಿಯಲ್ಲಿ ಭಯ ಹೋಗಲು ಹಿಡಿಯುವ ದಿನಗಳನ್ನೂ ಸೇರಿಸಬೇಕೆಂದು ಕಲಿಸಿದ್ದು ಆ ನೆಲ.